ಬ್ಯಾಂಡೇಜು ಸುತ್ತಿಸಿಕೊಂಡ ಭಾನುವಾರ

ಕೆಲವರ ಕೈಗೆ ಮೈಕು ಕೊಡಬಾರದು. ಆ ಕೆಲವರಲ್ಲಿ ನಾನೂ ಒಬ್ಬ ಎಂದು ಒಪ್ಪಿಕೊಳ್ಳಲು ನನಗೆ ಐವತ್ತೈದು ವರ್ಷ ಬೇಕಾಯಿತು. ನಾಲ್ಕು ಜನ ಕೂತಿರುವ ಕಡೆ ನಾನು ಸತ್ಯವಂತನೇ. ಹತ್ತು ಜನ ಆದರೆ ಸತ್ಯಕ್ಕೆ ಸ್ವಲ್ಪ ಪೌಡರು ಹಚ್ಚುತ್ತೇನೆ. ಐವತ್ತು ಜನ ಸೇರಿ, ಮೇಲೊಂದು ಮೈಕೂ ಇದ್ದುಬಿಟ್ಟರೆ, ಸತ್ಯವನ್ನು ಮದುಮಗಳ ಹಾಗೆ ಸಿಂಗರಿಸಿಬಿಡುತ್ತೇನೆ; ಹೆತ್ತ ತಾಯಿಗೂ ಗುರುತು ಸಿಗಬಾರದು, ಹಾಗೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ಹೀಗೆ ಮಾಡಬಾರದು, ಗೊತ್ತು. ತರಗತಿಯಲ್ಲಿ ಮಾಡುವುದೂ ಇಲ್ಲ. ಅಲ್ಲಿ ಸುಳ್ಳು ಹೇಳಿದರೆ ಮಕ್ಕಳು ಪರೀಕ್ಷೆಯಲ್ಲಿ ಅದನ್ನೇ ಬರೆದು ಫೇಲಾಗುತ್ತಾರೆ. ಹೀಗಾಗಿ ನನ್ನ ಸುಳ್ಳುಗಳನ್ನೆಲ್ಲ ರಜೆಯ ದಿನಗಳಿಗೆಂದು ಎತ್ತಿಡುತ್ತಿದ್ದೆ.

ಅವುಗಳನ್ನು ಬಿಚ್ಚಲು ಒಂದು ಜಾಗವೂ ಸಿಕ್ಕಿತು. ನಮ್ಮ ಬೀದರದಲ್ಲಿ ಒಂದು ಹಳೆಯ ಮಿಶನ್ ದವಾಖಾನೆಯ ಎರಡು ಕೋಣೆಗಳಿಗೆ ಸುಣ್ಣ ಬಳಿದು ವೈದ್ಯ ಇತಿಹಾಸದ ಸಂಗ್ರಹಾಲಯ ಮಾಡಿದ್ದಾರೆ. ಗಾಜಿನ ಸಿರಿಂಜು, ಕಬ್ಬಿಣದ ಮಂಚ, ಔಷಧಿ ಅರೆಯುವ ಪಿಂಗಾಣಿ ಬಟ್ಟಲು, ಗೋಡೆಯ ತುಂಬ ಫೋಟೋಗಳು. ಹಲ್ಲು ಕೀಳುವ ಇಕ್ಕಳವೂ ಒಂದಿದೆ. ಅದನ್ನು ಎತ್ತಿ ತೋರಿಸಿದರೆ ಸಾಕು, ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ದಿನವಿಡೀ ದರ ಕೂಗುವ ವ್ಯಾಪಾರಿಗಳೂ ಥಟ್ಟನೆ ಬಾಯಿ ಮುಚ್ಚಿಕೊಳ್ಳುತ್ತಾರೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಲ್ಲಿ ‘ಕುಟುಂಬ ದಿನ’. ಮನೆಮಂದಿಯೆಲ್ಲ ಬರುತ್ತಾರೆ. ಮಕ್ಕಳು ತಮ್ಮ ಕೆನ್ನೆಯ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ದೊಡ್ಡವರು ಸ್ಟೆತೋಸ್ಕೋಪು ಕಿವಿಗಿಟ್ಟುಕೊಳ್ಳುತ್ತಾರೆ. ಒಮ್ಮೆ ಭಾಲ್ಕಿಯ ಮುತ್ಯಾ ಒಬ್ಬರು ತಮ್ಮ ಎದೆಬಡಿತವನ್ನು ಜೀವನದಲ್ಲೇ ಮೊದಲ ಸಲ ಕೇಳಿ, ಹೆಂಡತಿಯ ಕಡೆ ತಿರುಗಿ, “ಇನ್ನಾ ನಡ್ಲತ್ತದ ನೋಡು, ನೀ ಸುಮ್ನ ಅಂಜಿದ್ದಿ” ಎಂದಿದ್ದರು. ಇಂಥ ಕಡೆ ವಸ್ತುಗಳ ಕತೆ ಹೇಳಲು ಬಾಯಿ ಚೆನ್ನಾಗಿರುವವರೊಬ್ಬರು ಬೇಕಿತ್ತು. ನನ್ನನ್ನು ಕರೆದರು. ಮೈಕನ್ನೂ ಕೊಟ್ಟರು.

ಈಗ ಮುಖ್ಯವಾದ ಸುಳ್ಳಿಗೆ ಬರುತ್ತೇನೆ. ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನಮ್ಮ ಆಯಿ ಸುಂದರಮ್ಮ ಅದೇ ದವಾಖಾನೆಯಲ್ಲಿ ಆಯಾ ಆಗಿದ್ದಳು. ನೆಲ ಒರೆಸುವುದು, ಬಟ್ಟೆ ತೊಳೆಯುವುದು, ಹಾಸಿಗೆ ಹಿಡಿದವರ ಮಲಮೂತ್ರ ತೆಗೆಯುವುದು ಅವಳ ಕೆಲಸ. ಆಯಿಗೂ ಆಯಾಗೂ ಕಾಗುಣಿತದಲ್ಲಿ ಎಷ್ಟು ದೂರ? ಒಂದಕ್ಕೆ ಗುಡಿಸು, ಇನ್ನೊಂದಕ್ಕೆ ಇಳಿ. ನಾಲ್ಕನೆಯ ಇಯತ್ತೆಯಲ್ಲಿ ಗುರುಗಳು ‘ನಿಮ್ಮ ಮನೆಯಲ್ಲಿ ಯಾರು ಯಾರು ಏನೇನು ಕೆಲಸ ಮಾಡುತ್ತಾರೆ’ ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದಾಗ, ಆ ಇಳಿಯಲ್ಲಿ ಇಳಿಯಲು ನನಗೆ ಮನಸ್ಸಾಗಲಿಲ್ಲ. “ನಮ್ಮ ಆಯಿ ನರ್ಸ್ ಅದಾಳ್ರಿ” ಎಂದೆ. ಗುರುಗಳು “ಶಾಬಾಸ್” ಎಂದರು. ಆಯಿ ನರ್ಸ್ ಆಗಿದ್ದಕ್ಕೆ ನನಗೇಕೆ ಶಾಬಾಸ್ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಲ್ಲಿಂದ ಮುಂದೆ ನಮ್ಮ ಆಯಿಗೆ ಬಡ್ತಿ ಸಿಗುತ್ತಲೇ ಹೋಯಿತು. ಕಾಲೇಜಿಗೆ ಬರುವಷ್ಟರಲ್ಲಿ ಅವಳು ಹಿರಿಯ ನರ್ಸ್. ನಾನು ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿ ಶಾಂತಾ ಆಗಷ್ಟೇ ನರ್ಸಿಂಗ್ ಮುಗಿಸಿದ್ದಳು. “ನಮ್ಮ ಆಯಿನೂ ಹೆಡ್ ನರ್ಸ್ ಇದ್ದಳ್ರಿ” ಎಂದುಬಿಟ್ಟೆ. ಪಾಪ, ಆಯಿ ಆಗ ತೀರಿಕೊಂಡು ಬಹಳ ದಿನವಾಗಿತ್ತು. ಬೇಡ ಎನ್ನಲು ಅವಳಿಗೆ ಅವಕಾಶವೇ ಇರಲಿಲ್ಲ. ಶಾಂತಾ ಈಗ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ನೌಬಾದದ ನಮ್ಮ ಮನೆಯಲ್ಲಿ ಅವಳು ಒಂದೆರಡು ಸಲ, “ಆಯಿದು ಒಂದರೆ ಫೋಟೋ ಇಲ್ಲೇನ್ರಿ? ನರ್ಸ್ ಬಟ್ಟಿ ಮ್ಯಾಲಿಂದು?” ಎಂದು ಕೇಳಿದ್ದಳು.

ಆ ಫೋಟೋ ಸಂಗ್ರಹಾಲಯದಲ್ಲಿ ಸಿಕ್ಕಿತು. ಅಂದರೆ, ಒಂದು ಫೋಟೋ ಸಿಕ್ಕಿತು. ಏಳು ಜನ ನರ್ಸುಗಳು ಬಿಳಿ ಸೀರೆಯಲ್ಲಿ ಸಾಲಾಗಿ ನಿಂತಿದ್ದಾರೆ. ಕೆಳಗೆ ಹೆಸರಿಲ್ಲ. ಎಡಗಡೆಯಿಂದ ಮೂರನೆಯವಳು ಎತ್ತರ, ಮೂಗು ನೆಟ್ಟಗೆ, ಎದೆಯ ಮೇಲೆ ಪಿನ್ನು ಹಾಕಿ ಸಿಕ್ಕಿಸಿದ ಗಡಿಯಾರ. ಮೂಗು ನಮ್ಮ ಮನೆತನದ್ದೇ ಅನಿಸಿತು. ಅವತ್ತೇ ಅವಳನ್ನು ಆಯಿ ಮಾಡಿಕೊಂಡೆ. ಆಮೇಲೆ ಪ್ರತಿ ಕುಟುಂಬ ದಿನದಲ್ಲೂ ಇಕ್ಕಳ ಮುಗಿದ ಮೇಲೆ ಅವಳ ಸರದಿ. ಶಾಂತಾ ಕೂಡ ಆ ಫೋಟೋದ ಮುಂದೆ ನಿಂತು ಕೈ ಜೋಡಿಸಿದ್ದಳು. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ನಾನು ಹೇಳುತ್ತಿರುವ ಭಾನುವಾರ ಜನ ಬಹಳ ಸೇರಿದ್ದರು. ‘ಹಳೆಯ ದವಾಖಾನೆಯ ನೆನಪು ಇದ್ದವರು ಬಂದು ಹೇಳಿರಿ’ ಎಂದು ಸುತ್ತಲಿನ ಊರುಗಳ ಚರ್ಚುಗಳಲ್ಲಿ ತಿಳಿಸಿದ್ದರು. ನಾನು ಫೋಟೋದ ಮುಂದೆ ನಿಂತು ಶುರು ಮಾಡಿದೆ. “ಇವರು ನಮ್ಮ ಆಯಿ, ಹೆಡ್ ನರ್ಸ್ ಸುಂದರಮ್ಮ. ತೀರಿಕೊಂಡು ಭಾಳ ವರ್ಷ ಆಯ್ತು. ಡಾಕ್ಟರರು ಊರಲ್ಲಿ ಇರದಿದ್ದ ಒಂದು ದಿನ ಇವರೇ ಎಷ್ಟು ಹೆರಿಗೆ ಮಾಡಿಸಿದರು ಗೊತ್ತೇ?” ಎಷ್ಟು ಎಂಬುದು ನನಗೂ ಗೊತ್ತಿರಲಿಲ್ಲ, ಹಿಂದಿನ ತಿಂಗಳು ಮೂರು ಎಂದಿದ್ದೆ, ಅವತ್ತು ಐದು ಎಂದೆ. ಜನ ‘ಅಬ್ಬಾ’ ಎಂದರು. ಮುಂದಿನ ಸಾಲಿನಲ್ಲಿ ಮೊಮ್ಮಗಳ ತೋಳು ಹಿಡಿದು ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ಫೋಟೋದ ಹತ್ತಿರ ಬಂದು ನೋಡಿ, “ಹೆಸರ ಏನಂದ್ರಿ ಮಾಸ್ತರ?” ಎಂದು ಕೇಳಿದರು.

“ಸುಂದರಮ್ಮ ಅಂತರಿ.”

“ನಿಮ್ಮ ಊರು?”

“ನಮ್ಮ ತಂದಿ ಭಾಲ್ಕ್ಯಾಗ ಸಾಲಿ ಮಾಸ್ತರ್ ಇದ್ರು. ನಾ ಅಲ್ಲೇ ಓದಿದ್ದು.”

“ಹೂಂ” ಎಂದು ಅವರು ಹಿಂದೆ ಸರಿದರು. ಆ ‘ಹೂಂ’ ಎಷ್ಟು ಉದ್ದ ಇತ್ತು ಎಂದು ನಾನು ಗಮನಿಸಬೇಕಿತ್ತು.

ನಂತರ ಮಕ್ಕಳ ಬ್ಯಾಂಡೇಜು ಸ್ಪರ್ಧೆ. ತೀರ್ಪುಗಾರ್ತಿ ಶಾಂತಾ. ಒಂದೊಂದು ತಂಡಕ್ಕೆ ಒಬ್ಬ ರೋಗಿ ಬೇಕು. ಒಂದು ತಂಡಕ್ಕೆ ರೋಗಿ ಸಿಗದೆ ಹೋದಾಗ ನಾನು ಉತ್ಸಾಹದಿಂದ ಕುರ್ಚಿಯಲ್ಲಿ ಕೂತೆ. ಆ ನಾಲ್ಕು ಮಕ್ಕಳಿಗೆ ನನ್ನ ಮೇಲೆ ಯಾವ ಸೇಡಿತ್ತೋ, ಎರಡು ಕೈಗಳನ್ನೂ ಎದೆಗೆ ಕಟ್ಟಿದರು, ತಲೆಗೆ ಸುತ್ತಿದರು, ಆಮೇಲೆ ದವಡೆ ಮುರಿದವರಿಗೆ ಕಟ್ಟುವ ಪಟ್ಟಿಯನ್ನು ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಎಳೆದು ಬಿಗಿದರು. ಕಣ್ಣು, ಮೂಗು, ಕಿವಿ ಬಿಟ್ಟರೆ ನನ್ನದೆನ್ನುವುದು ಹೊರಗೆ ಏನೂ ಉಳಿಯಲಿಲ್ಲ. ಬಾಯಿ ಒಂದು ಕೂದಲೆಳೆಯಷ್ಟೂ ತೆರೆಯುತ್ತಿರಲಿಲ್ಲ. ಸ್ಪರ್ಧೆಯ ಫಲಿತಾಂಶ ಬರುವವರೆಗೆ ಯಾವ ರೋಗಿಯನ್ನೂ ಬಿಚ್ಚಬಾರದು ಎಂದು ಶಾಂತಾ ಕಟ್ಟುನಿಟ್ಟು ಮಾಡಿದಳು. ಅಷ್ಟರಲ್ಲಿ ಯಾರೋ, ಬಂದ ಹಿರಿಯರು ಎರಡು ಮಾತು ಹೇಳಲಿ ಎಂದು ಮೈಕನ್ನು ‘ಹೂಂ’ ಎಂದಿದ್ದ ಆ ಹೆಂಗಸಿನ ಕೈಗೆ ಕೊಟ್ಟರು.

“ನನ್ನ ಹೆಸರು ರೂತಮ್ಮ. ಔರಾದದಾಗ ಇರ್ತೀನಿ. ಈ ದವಾಖಾನ್ಯಾಗ ಮೂವತ್ತು ವರ್ಷ ನರ್ಸ್ ಇದ್ದೆ” ಎಂದು ಅವರು ಶುರು ಮಾಡಿದರು. “ಮಾಸ್ತರ ಈಗ ಫೋಟೋ ತೋರ್ಸಿ ತೀರಿಕೊಂಡಾರ ಅಂದ್ರಲ್ಲ, ಎಡಗಡಿಂದ ಮೂರನೆಯಾಕಿ, ಅಕಿ ನಾನೇ ಅದೀನ್ರಿ.”

ಸಭೆ ಗೊಳ್ಳೆಂದಿತು.

“ನಾ ಸತ್ತು ಎಷ್ಟ ವರ್ಷ ಆತ್ರಿ ಮಾಸ್ತರ? ಹೇಳಿದ್ರ ಛಲೋ ಆಗ್ತದ. ಈ ಮೊಮ್ಮಗಳು ಸುಮ್ನ ದಿನಾ ಮೂರು ಹೊತ್ತು ಗುಳಗಿ ನುಂಗಸ್ತಾಳ.”

ನಾನು “ಮ್ಮ್” ಎಂದೆ. ಬೇರೆ ಅಕ್ಷರಗಳು ಪಟ್ಟಿಯೊಳಗೇ ಉಳಿದವು. ಜನ ಅದಕ್ಕೂ ನಕ್ಕರು. ರೂತಮ್ಮ ನಗಲಿಲ್ಲ.

“ಸುಂದರಮ್ಮಗ ನಾ ಬಲ್ಲೆ. ನರ್ಸ್ ಇದ್ದಿಲ್ರಿ ಅಕಿ. ಆಯಾ ಇದ್ದಳು. ಈಗ ನೀವು ಸುತ್ತೀರಲ್ಲ ಪಟ್ಟಿ, ಬಿಚ್ಚಿ ಒಗದು ಬಿಡ್ತೀರಿ. ಆವಾಗ ಹಂಗಿದ್ದಿಲ್ಲ. ರಕ್ತ, ಕೀವು ಹತ್ತಿದ ಪಟ್ಟಿ ಅಕಿ ಸೋಡಾದಾಗ ತೊಳದು, ಹಂಡೇದಾಗ ಕುದಿಸಿ, ಒಣಗ್ಸಿ, ಸುತ್ತಿ ಇಡ್ತಿದ್ದಳು. ಓದು ಬರಹ ಇಲ್ಲ. ಆದ್ರ ಪಟ್ಟಿ ನೋಡಿ ಗಾಯ ಹ್ಯಾಂಗದ ಅಂತ ಹೇಳ್ತಿದ್ದಳು. ಒಂದಿನ ಕೈ ಒರಸ್ಕೋತ ಬಂದು, ‘ರೂತಬಾಯಿ, ಕಿಡಕಿ ಹತ್ರದ ಮಂಚದಾಗ ಅದಾನಲ್ಲ, ಅವನ ಪಟ್ಟಿ ವಾಸನಿ ಬದಲಾಗ್ಯಾದ, ಡಾಕ್ಟರಿಗಿ ಹೇಳ್ರಿ’ ಅಂದಳು. ನಾ ಮುಂಜಾನಿನೇ ಗಾಯ ನೋಡಿದ್ದೆ, ಏನೂ ಆಗಿಲ್ಲ ಹೋಗು ಅಂದೆ. ಅಕಿ ಹೋಗ್ಲಿಲ್ಲ. ಸೀದಾ ತಾನೇ ಡಾಕ್ಟರ ಮುಂದ ಹೋಗಿ ನಿಂತಳು. ಬಿಚ್ಚಿ ನೋಡಿದ್ರ ಒಳಗ ಕೊಳಿಲತ್ತಿತ್ತು. ಆ ಮನಷ್ಯಾನ ಕಾಲು ಉಳೀತು. ಆಮ್ಯಾಲ ಒಂದು ವಾರ ಅಕಿ ಮುಖ ನೋಡಾಕ ನನಗ ನಾಚಿಕಿ.”

ಅವರು ಗೋಡೆಯ ಕಡೆ ಕೈ ತೋರಿಸಿದರು. “ಆ ಫೋಟೋದಾಗ ಅಕಿ ಇಲ್ರಿ. ಆಯಾಗಳಿಗಿ ಯಾರ ಕರೀತಾರ? ಆದ್ರ ನಮ್ಮ ಹಿಂದ ಹಗ್ಗದ ಮ್ಯಾಲ ಬೆಳ್ಳಗ ಏನೋ ಕಾಣ್ತದ ನೋಡ್ರಿ. ಅವು ಅಕಿ ತೊಳದ ಪಟ್ಟಿ.”

ಎಲ್ಲರೂ ಫೋಟೋದ ಕಡೆ ತಿರುಗಿದರು. ನಾನು ತಿಂಗಳುಗಟ್ಟಲೆ ನೋಡಿದ ಫೋಟೋ ಅದು. ಆ ಬಿಳಿ ಗೆರೆಗಳನ್ನು ಫೋಟೋ ಹಳತಾಗಿ ಬಿದ್ದ ಕಲೆ ಎಂದುಕೊಂಡಿದ್ದೆ. ಬಟ್ಟೆಯಿಂದ ಒರೆಸಲೂ ಹೋಗಿದ್ದೆ.

ಶಾಂತಾ ಫಲಿತಾಂಶ ಹೇಳಿದಳು. ನಮ್ಮ ತಂಡಕ್ಕೆ ಮೊದಲ ಬಹುಮಾನ. ದವಡೆಯ ಪಟ್ಟಿ ಅತ್ಯುತ್ತಮವಾಗಿದೆಯಂತೆ. ಬೇರೆ ರೋಗಿಗಳನ್ನೆಲ್ಲ ಬಿಚ್ಚಿದ ಮೇಲೆ ಅವಳು ಕತ್ತರಿ ಹಿಡಿದು ನನ್ನ ಹತ್ತಿರ ಬಂದಳು. ಕೈ ಬಿಚ್ಚಿದಳು, ತಲೆ ಬಿಚ್ಚಿದಳು. ಬಾಯಿಗೆ ಬಂದಾಗ ಕತ್ತರಿ ನಿಲ್ಲಿಸಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು, “ಇದು ಜರಾ ಹಂಗೇ ಇರಲಿ” ಎಂದು ಹೋದಳು. ಕೊನೆಗೆ ಅದನ್ನು ನಾನೇ ಕಿತ್ತುಕೊಂಡೆ.

ರೂತಮ್ಮ ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಕೂತು, “ತಪ್ಪಾಯ್ತರಿ ಅಮ್ಮಾ” ಎಂದೆ.

“ನಿನ್ನ ಸುಳ್ಳು ನನಗ ಹೊಸದಲ್ಲ ಮಗಾ” ಎಂದರು. ಮೈಕಿನಲ್ಲಿದ್ದ ‘ರಿ’ ಹೋಗಿತ್ತು. “ಭಾಲ್ಕ್ಯಾಗ ನಿಮ್ಮ ಸಾಲಿ ಗ್ಯಾದರಿಂಗ್ ಇತ್ತು. ನೀ ಸಣ್ಣಾವ ಇದ್ದಿ. ಹಿಂದಿನ ದಿನ ಸುಂದರಮ್ಮ ನನ್ನ ಕ್ವಾರ್ಟರ್ಸಿಗಿ ಬಂದು, ಒಂದ್ ಬಿಳಿ ಸೀರಿ ಕೊಡ್ರಿ, ನಾಡಿದ್ದ ತಂದು ಕೊಡ್ತೀನಿ ಅಂದಳು. ಯಾಕ ಅಂದ್ರ, ‘ನಮ್ಮ ಹುಡುಗ ಸಾಲ್ಯಾಗ ನಾ ನರ್ಸ್ ಅಂತ ಹೇಳ್ಯಾನಂತ. ಎಲ್ಲಾರ ಮುಂದ ಅವನ ಮಾತು ಕೆಳಗ ಬೀಳಬಾರದು’ ಅಂದಳು. ವಾಪಸ ಕೊಡೋ ಮುಂದ ತೊಳದು, ಗಂಜಿ ಹಾಕಿ ಕೊಟ್ಟಳು. ನನ್ನ ಸೀರಿ ಅಷ್ಟು ಬೆಳ್ಳಗ ಹಿಂದ ಮುಂದ ಎಂದೂ ಇದ್ದಿಲ್ಲ.”

ಶಾಲೆಯ ವಾರ್ಷಿಕೋತ್ಸವದ ಆ ಗ್ಯಾದರಿಂಗ್ ನನಗೆ ನೆನಪಿದೆ. ನಾನು ಪದ್ಯ ಹೇಳಿ ಬಹುಮಾನ ತೆಗೆದುಕೊಂಡೆ. ಬಿಳಿ ಸೀರೆ ಉಟ್ಟ ಆಯಿ ಮೊದಲ ಸಾಲಿನಲ್ಲಿ ಕೂತಿದ್ದಳು. ಎಲ್ಲರೂ ಚಪ್ಪಾಳೆ ಹೊಡೆದರು, ಆಯಿ ಹೊಡೆಯಲಿಲ್ಲ. ಕೊನೆಯವರೆಗೂ ಎರಡು ಕೈಗಳನ್ನೂ ಸೆರಗಿನೊಳಗೇ ಇಟ್ಟುಕೊಂಡಿದ್ದಳು. ಚಪ್ಪಾಳೆ ಹೊಡೆಯಲಿಲ್ಲವೆಂದು ಮರುದಿನ ಅವಳು ಬೀದರಕ್ಕೆ ಹೊರಡುವವರೆಗೂ ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಸೋಡಾದಲ್ಲಿ ಬಿರಿದು ಬಿರಿದು ಸುಲಿದುಹೋದ ಕೈಗಳು ಅವು. ನರ್ಸಿನ ಕೈಗಳಂತೆ ಇರಲಿಲ್ಲ. ಹೊರಗೆ ತೆಗೆದಿದ್ದರೆ ನನ್ನ ಮಾತು ಕೆಳಗೆ ಬೀಳುತ್ತಿತ್ತು. ಇದು ನನಗೆ ಹೊಳೆದದ್ದು ಆ ಬೆಂಚಿನ ಮೇಲೆ, ಐವತ್ತೈದನೆಯ ವಯಸ್ಸಿನಲ್ಲಿ, ಕೈಯಲ್ಲಿ ಇನ್ನೊಬ್ಬರು ಕೊಟ್ಟ ಚಹಾ ಹಿಡಿದುಕೊಂಡು. ಬೀದರದ ಅಷ್ಟೂ ಜನ ನಕ್ಕಾಗ ಆಗದ ನಾಚಿಕೆ ಆಗ ಆಯಿತು. ರೂತಮ್ಮ ಬೇರೆ ಕಡೆ ನೋಡುತ್ತ ತಮ್ಮ ಸೆರಗಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಕಣ್ಣೊರೆಸಿಕೊಂಡೆ.

ಸ್ಕೂಟರಿನಲ್ಲಿ ನೌಬಾದಕ್ಕೆ ಬಂದೆವು. ಬಾಗಿಲ ಬೀಗ ತೆಗೆಯುತ್ತ ಶಾಂತಾ ಕೇಳಿದಳು: “ಹೆಣ್ಣ ನೋಡಾಕ ಬಂದಾಗ ಖರೇ ಹೇಳಿದ್ರ ನಾ ಒಲ್ಲೆ ಅಂತಿದ್ದೆ ಅನ್ಕೊಂಡಿದ್ರೇನು? ನಮ್ಮ ವಾರ್ಡಿನ ಆಯಾ ಒಂದಿನ ರಜಾ ಹಾಕಿದ್ರ ನಮಗ ಕೈಕಾಲು ಆಡಂಗಿಲ್ಲ. ಎಷ್ಟ ಸಲ ಹೇಳೀನಿ ನಿಮಗ.” ಹೇಳಿದ್ದಳು. ನಾನು ತಲೆಯಾಡಿಸಿ ಪೇಪರು ಓದಿದ್ದೆ. ಆ ವಾರವೆಲ್ಲ ನನ್ನ ಬಟ್ಟೆ ಮಷಿನ್ನಿಗೆ ಬೀಳಲಿಲ್ಲ. “ಸುಂದರಮ್ಮನ ಮೊಮ್ಮಗ ಅದೀರಿ, ರಕ್ತದಾಗೇ ಇರಬೇಕು, ತೊಳೀರಿ” ಎಂದಳು. ರಕ್ತದಲ್ಲಿ ಇರಲಿಲ್ಲ. ನನ್ನ ಬಿಳಿ ಅಂಗಿಗಳೆಲ್ಲ ಈಗ ಒಂದು ನಮೂನೆ ತಿಳಿ ನೀಲಿಯಾಗಿವೆ.

ಫೋಟೋದ ಕೆಳಗೆ ಈಗ ಹೊಸ ಚೀಟಿ ಅಂಟಿಸಿದ್ದೇನೆ. ರೂತಮ್ಮನ ಹೆಸರಿದೆ. ‘ಹಿಂದೆ ಹಗ್ಗದ ಮೇಲೆ ಒಣಗುತ್ತಿರುವ ಬ್ಯಾಂಡೇಜುಗಳನ್ನು ತೊಳೆದವರು ಆಯಾ ಸುಂದರಮ್ಮ’ ಎಂದೂ ಇದೆ. ಕುಟುಂಬ ದಿನದಲ್ಲಿ ಈಗಲೂ ನಾನೇ ಕತೆ ಹೇಳುತ್ತೇನೆ, ಮೈಕು ಮಾತ್ರ ಬೇಡ ಎಂದಿದ್ದೇನೆ. ಹೋದ ತಿಂಗಳು ಭಾಲ್ಕಿಯಿಂದ ಬಂದಿದ್ದ ದಂಪತಿಗೆ ಚೀಟಿಯ ಮೇಲಿನ ಸುಂದರಮ್ಮನ ಹೆಸರು ತೋರಿಸಿ, “ಇವರು ನಮ್ಮ ಆಯಿ. ನರ್ಸ್ ಅಲ್ಲ, ಆಯಾ” ಎಂದು ಪೂರ್ತಿ ಸತ್ಯವನ್ನೇ ಹೇಳಿದೆ. ಆ ಗಂಡ ನನ್ನ ಕೈ ಹಿಡಿದುಕೊಂಡು, “ಏನ್ ದೊಡ್ಡ ಮನಸ್ಸರಿ ನಿಮ್ದು! ಇಷ್ಟು ಓದಿದವರು ಯಾರ ಹೀಂಗ ಎಲ್ಲಾರ ಮುಂದ ಹೇಳ್ಕೋತಾರ?” ಎಂದರು. ಎಲ್ಲರೂ ನನ್ನನ್ನೇ ಗೌರವದಿಂದ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯೊಳಗೆ, ಮುಂದಿನ ಸಲ ಈ ಮಾತನ್ನು ಇನ್ನೂ ಸ್ವಲ್ಪ ಗದ್ಗದ ಕಂಠದಲ್ಲಿ ಹೇಳಿದರೆ ಹೇಗಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಸಿಕ್ಕಿಬಿದ್ದೆ. ಈ ಸಲ ಹಿಡಿದವನು ನಾನೇ. ಮೊದಲ ಸುಳ್ಳಿಗೆ ನಾಚಿಕೆ ಬರಲು ನಲವತ್ತೈದು ವರ್ಷ ಹಿಡಿದಿತ್ತು. ಇದಕ್ಕೆ ಅರ್ಧ ನಿಮಿಷ ಸಾಕಾಯಿತು. ಸುಧಾರಿಸಿದ್ದೇನೆ ಎಂದೇ ಹೇಳಬೇಕು. ಆದರೆ ಹಾಗೆ ಹೇಳಿಕೊಳ್ಳಲೂ ಯಾಕೋ ಈಗ ನಾಚಿಕೆ.