ಅಳಿಯನ ಕಾರೂ ಸಿರುಗುಪ್ಪದ ಬಸ್ಸೂ

ಮನುಷ್ಯ ಎಂಥ ಅವಮಾನವನ್ನಾದರೂ ನುಂಗಿಕೊಳ್ಳಬಹುದು. ಮಾವನ ಮನೆಯ ಜಗಲಿಯ ಮೇಲೆ ಆದದ್ದನ್ನು ಮಾತ್ರ ನುಂಗಲಾಗದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಅರವತ್ತರ ದಶಕದಲ್ಲಿ ಬಳ್ಳಾರಿಯಲ್ಲಿ ನನ್ನದೊಂದು ಹಳೆಯ ಇಂಗ್ಲಿಷ್ ಕಾರಿತ್ತು. ಯಾವನೋ ದೊರೆ ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದು. ಅದರ ಹಿತ್ತಾಳೆಯ ಹಾರ್ನು ನೋಡಿದವರು ಗೌರವ ಕೊಡುತ್ತಿದ್ದರು, ಓಟ ನೋಡಿದವರು ಮರುಕಪಡುತ್ತಿದ್ದರು. ಭಾನುವಾರ ಸಿರುಗುಪ್ಪದ ಮಾವನ ಮನೆಗೆ ಹೊರಟರೆ, ನಮ್ಮ ಹಿಂದೆ ಬಿಟ್ಟ ಬಸ್ಸು ತೆಕ್ಕಲಕೋಟೆಯ ಹತ್ತಿರ ನಮ್ಮನ್ನು ದಾಟಿಹೋಗುತ್ತಿತ್ತು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾವನ ಮನೆ ಬಸ್ ಸ್ಟ್ಯಾಂಡಿನ ಎದುರಿಗೇ. ಕಂಡಕ್ಟರು ಇಳಿದವನೇ, "ಅಮ್ಮಾರ, ನಿಮ್ಮ ಅಳಿಯಾರು ತೆಕ್ಕಲಕೋಟಿತನಕ ಬಂದಾರ್ರೀ! ನಿಧಾನಕ ಬರ್ತಾರ!" ಎಂದು ಊರಿಗೇ ಕೇಳುವಂತೆ ಕೂಗುತ್ತಿದ್ದ. ಆಮೇಲೆ ನಾನು ತಲುಪಿದರೆ ಜಗಲಿಯ ಮೇಲೆ ಕುಳಿತ ಮಾವನವರು, "ಬಂದ್ರೇನ್ರಿ? ನಿಮಗಿಂತ ಮೊದಲ ನಿಮ್ಮ ಸುದ್ದಿ ಬಂತು" ಎಂದು ಮೀಸೆಯಲ್ಲೇ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೌಲ್ ಬಜಾರಿನ ಮೆಕ್ಯಾನಿಕ್ ಮಸ್ತಾನ್ ಸಾಬರ ಮುಂದೆ ಸಂಕಟ ತೋಡಿಕೊಂಡೆ. ಅವರು ಬಾನೆಟ್ ಎತ್ತಿ, "ಎಂಜಿನ್ ಖಾನ್‌ದಾನಿ ಐತ್ರಿ, ಉಸಿರು ಸಾಲವಲ್ದು. ಸಿಲಿಂಡರ್ ಕೊರದು ದೊಡ್ಡ ಪಿಸ್ಟನ್ ಹಾಕೋಣು, ಕಾರ್ಬೊರೇಟರೂ ದೊಡ್ಡದು ಕೂಡಿಸೋಣು. ಬಸ್ ಬಿಡ್ರಿ, ರೈಲನ್ನೂ ಹಿಂದ ಹಾಕ್ತೈತಿ" ಎಂದರು. ಹೆಂಡತಿ ಮಾತ್ರ, "ವಯಸ್ಸಾದ ಮ್ಯಾಲೆ ಈ ಹರೇದ ಹುಚ್ಚು ಯಾಕ್ರಿ?" ಎಂದಳು. ಕಾರಿಗೆ ಹೇಳಿದಳೋ ನನಗೆ ಹೇಳಿದಳೋ ಎಂದು ವಿಚಾರಿಸಲು ನಾನು ಹೋಗಲಿಲ್ಲ.

ಎಂಜಿನ್ ಸಿದ್ಧವಾದ ಮೊದಲ ಭಾನುವಾರ ಹೊರಟೆವು. ಗದ್ದೆಯ ಕೊಕ್ಕರೆಗಳೆಲ್ಲ ಗಾಬರಿಯಾಗಿ ಎದ್ದವು. ಹೆಂಡತಿ ಬಾಗಿಲು ಗಟ್ಟಿಯಾಗಿ ಹಿಡಿದು ಮನೆದೇವರನ್ನು ಕರೆಯುತ್ತಿದ್ದಳು. ಅದನ್ನು ನಾನು ಮೆಚ್ಚುಗೆಯೆಂದೇ ತಿಳಿದೆ. ಬಸ್ಸಿನ ಸುಳಿವೇ ಇರಲಿಲ್ಲ. ಮಾವನ ಮನೆಯ ಪಕ್ಕದ ಸಂದಿಯಲ್ಲಿ ಕಾರು ನಿಲ್ಲಿಸಿ ಗೆದ್ದವನಂತೆ ಇಳಿದೆ. ಜಗಲಿ ಖಾಲಿ. ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಟವೆಲ್ಲಿನಲ್ಲಿ ಓಡಾಡುತ್ತಿದ್ದ ಮಾವನವರು ನನ್ನನ್ನು ಕಂಡು ಬಚ್ಚಲಿಗೆ ಓಡಿದರು. ಅತ್ತೆಯವರು ಸೆರಗು ಸರಿಮಾಡಿಕೊಳ್ಳುತ್ತ ಬಂದರು.

"ಅಯ್ಯ, ಕಂಡಕ್ಟರ್ ಇನ್ನಾ ಕೂಗೇ ಇಲ್ಲಲ್ರಿ! ಅವ ಕೂಗಿದ ಮ್ಯಾಲೆ ನಾನು ಹಂಚು ಇಡಾಕಿ. ನೀವು ಬರೂದ್ರಾಗ ಹೋಳಿಗಿ ಬಿಸಿಬಿಸಿ ಇರ್ತಿದ್ವು. ಇವತ್ತು ಬ್ಯಾಳಿನೂ ಬೆಂದಿಲ್ಲ."

ಇಷ್ಟು ದಿನ ನಾನು ಅವಮಾನವೆಂದುಕೊಂಡದ್ದು ಹೋಳಿಗೆಯ ಗಂಟೆಯಾಗಿತ್ತು! ಹಸಿದು ಬಂದ ವೀರನಿಗೆ ಸಿಕ್ಕಿದ್ದು ಮುಂಜಾನೆ ಉಳಿದ ಮಂಡಕ್ಕಿ ಒಗ್ಗರಣೆ. ಅದನ್ನು ಅಗಿಯುತ್ತಿರುವಾಗಲೇ ಬಸ್ಸು ಬಂತು. "ಅಮ್ಮಾರ, ಅಳಿಯಾರು ದಾರಿಯಾಗ ಎಲ್ಲೂ ಕಾಣ್ಲಿಲ್ರೀ! ಕಾರು ಕೆಟ್ಟೈತೇನೋ!" ಎಂದು ಕಂಡಕ್ಟರು ಕೂಗಿದ. ನಾನು ಗೆದ್ದದ್ದನ್ನು ನೋಡಿದವರೂ ಇಲ್ಲದಂತಾಯಿತು.

ಎಂಜಿನ್ ಬಗ್ಗೆ ನನಗೆ ಎಂದೂ ಸಂಶಯ ಬರಲಿಲ್ಲ. ಮುಂದೆಯೂ ತೆಕ್ಕಲಕೋಟೆಯವರೆಗೆ ಗಾಳಿಯಂತೆ ಹೋಗುತ್ತಿದ್ದೆ. ಅಲ್ಲಿ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಚಾ ಕುಡಿಯುತ್ತ, ಬಸ್ಸು ಮುಂದೆ ಹೋಗುವುದನ್ನು ಕಾಯುತ್ತಿದ್ದೆ. ಕಂಡಕ್ಟರು ಕೈ ಬೀಸಿದ ಮೇಲೂ, ಹಂಚು ಕಾದು ಹೋಳಿಗೆ ಬೇಯುವಷ್ಟು ಹೊತ್ತು ಕೂತಿದ್ದು, ಆಮೇಲೆ ನಿಧಾನವಾಗಿ ಹೊರಡುತ್ತಿದ್ದೆ. "ಎಂಜಿನ್ ಮಾಡಿಸಿದ್ರೂ ಇಷ್ಟ ಏನ್ರಿ?" ಎಂದು ಮಾವನವರು ಜಗಲಿಯ ಮೇಲೆ ನಗುತ್ತಿದ್ದರು. ತುಪ್ಪ ಸುರಿದ ಬಿಸಿ ಹೋಳಿಗೆಯ ಜೊತೆ ಆ ಮಾತನ್ನೂ ನುಂಗುತ್ತಿದ್ದೆ. ಸಲೀಸಾಗಿ ಇಳಿಯುತ್ತಿತ್ತು.