ಗಂಡ ಸ್ಪಂಜು, ಹೆಂಡತಿ ಪುಡಿ

ಕುಲುಮೆಯ ಮೇಸ್ತ್ರಿಗೂ ಲೋಹ ಪರೀಕ್ಷಾ ಕೊಠಡಿಯ ಮೇಡಂಗೂ ಬೆಳಿಗ್ಗೆ ಮನೆಯಲ್ಲೇ ಜಗಳವಾಗಿ ಮಾತು ನಿಂತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಆದರೆ ಖರೀದಿ ಗುಮಾಸ್ತನಿಗೆ ಅವರು ಉಂಡು ಮಲಗುವ ತನಕ ಕಾಯುವ ಪುರುಸೊತ್ತಿರಲಿಲ್ಲ.

"ಅಲ್ಯೂಮಿನಿಯಂಗೆ ಬೆರೆಸೋಕೆ ಟೈಟಾನಿಯಂ ಬೇಕು. ಪುಡಿ ತರಿಸೋದೋ, ಸ್ಪಂಜು ತರಿಸೋದೋ? ಸಂಜೆಯೊಳಗೆ ಇಬ್ಬರನ್ನೂ ಒಂದೇ ಮಾತಿಗೆ ತಾ. ತಂದರೆ ನಿನ್ನ ಕೆಲಸ ಖಾಯಂ," ಎಂದಿದ್ದರು ಮಾಲೀಕರು. ಅವನು ತಾತ್ಕಾಲಿಕವಾಗಿ ಸೇರಿದ ಮೇಲೆ ಉಗ್ರಾಣದ ಬೆಕ್ಕು ಮೂರು ಸಲ ಮರಿ ಹಾಕಿತ್ತು.

ಇಬ್ಬರನ್ನೂ ಅಕ್ಕ, ಭಾವ ಎಂದೇ ಕರೆಯುತ್ತಿದ್ದ ಗುಮಾಸ್ತ ಕುಲುಮೆಗೆ ಓಡಿದ. ಮೇಸ್ತ್ರಿ ಗೆದ್ದಲು ತಿಂದಂತೆ ತೂತು ತೂತಾದ ಬೂದು ಲೋಹದ ಗಟ್ಟಿಯೊಂದನ್ನು ಅವನ ಕೈಗಿಟ್ಟರು.

"ಇದೇ ಸ್ಪಂಜು. ಕಲ್ಲಿನ ಹಾಗೆ ಮುಳುಗಿ ಕರಗುತ್ತೆ. ಪುಡಿ ಮೇಲೇ ತೇಲಿ ಉರಿದು ಹೋಗುತ್ತೆ ಅಂತ ಹೇಳು ನಿಮ್ಮಕ್ಕನಿಗೆ. ಬೂದಿ ಪರೀಕ್ಷೆ ಮಾಡೋ ಆಸೆಯಿದ್ರೆ ಮಾಡ್ಕೊಳ್ಳಲಿ!"

ಮೆಟ್ಟಿಲ ಬಳಿ ಕಾವಲುಗಾರ ತಡೆದ. "ಗಂಡ ಹೆಂಡ್ತಿ ಮಧ್ಯೆ ಹೋದೋನು ಉದ್ಧಾರ ಆಗಿದ್ದುಂಟೇನಪ್ಪಾ? ಖಾರ ನೀನೇ ನುಂಗು, ಸಿಹಿ ಮಾತ್ರ ದಾಟಿಸು."

ಉಪದೇಶ ಗುಮಾಸ್ತನಿಗೆ ಹಿಡಿಸಿತು. ಮಹಡಿಯ ಪರೀಕ್ಷಾ ಕೊಠಡಿಗೆ ಹತ್ತಿದ. "ಅಕ್ಕಾ, ಸ್ಪಂಜು ಒಳ್ಳೇದಂತೆ. ನೀವು ಬುದ್ಧಿವಂತೆ, ಅರ್ಥ ಮಾಡ್ಕೋತೀರಂತೆ," ಎಂದ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಂದ್ರಾ? ಆ ತೂತಲ್ಲಿ ತೇವ ಕೂತಿದ್ರೆ ಕಾದ ಲೋಹ ಮುಖಕ್ಕೇ ಚಿಮ್ಮುತ್ತೆ ಅಂತ ಹೇಳು ನಿಮ್ಮ ಭಾವನಿಗೆ. ಪುಡಿ ಆದ್ರೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಳಗೆ ಅದುಮಿದ್ರಾಯ್ತು, ಸಮವಾಗಿ ಬೆರೆಯುತ್ತೆ. ಬೆಂಕಿ ಮುಂದೆ ನಿಂತೂ ನಿಂತೂ ಆ ಮಹಾರಾಯರ ತಲೆಯೊಳಗೆ ಹೊಗೆ ತುಂಬಿದೆ."

ಹೊಗೆಯನ್ನು ಗುಮಾಸ್ತ ಮಹಡಿಯಲ್ಲೇ ಬಿಟ್ಟು ಇಳಿದ. "ಭಾವಾ, ಪುಡಿ ಆಗಬಹುದಂತೆ. ಹಾಕೋದು ನಿಮ್ಮ ಕೈ ಅಂದ ಮೇಲೆ ಅಕ್ಕನಿಗೆ ಪೂರ್ತಿ ನಂಬಿಕೆಯಂತೆ."

ಮೇಸ್ತ್ರಿಯ ಮೀಸೆ ಕುಲುಮೆಯ ಪಕ್ಕ ಇಟ್ಟ ಮೇಣದಂತೆ ಮೆತ್ತಗಾಯಿತು.

ಮೇಲೆ ಕೆಳಗೆ ಓಡಾಡಿ ಗುಮಾಸ್ತನ ಮೊಣಕಾಲು ತುಕ್ಕು ಹಿಡಿದ ಬಾಗಿಲಂತೆ ಕಿರುಗುಟ್ಟತೊಡಗಿತು. ಆದರೂ ಕಪ್ಪೆಗಳು ತಕ್ಕಡಿಯಲ್ಲಿ ಕೂತವು. ಸಂಜೆ ಇಬ್ಬರೂ ಗುಮಾಸ್ತನ ಜೊತೆ ನಗುನಗುತ್ತಾ ಮಾಲೀಕರ ಕೋಣೆಗೆ ಬಂದರು.

"ಏನು ತೀರ್ಮಾನ?"

"ಪುಡಿ," ಎಂದರು ಮೇಸ್ತ್ರಿ.

"ಸ್ಪಂಜು," ಎಂದರು ಮೇಡಂ.

ಮಾಲೀಕರು ಹಣೆ ಹಿಡಿದುಕೊಂಡರು. "ಬೆಳಿಗ್ಗೆ ಉಲ್ಟಾ ಇತ್ತಲ್ರೀ!"

"ನನ್ನ ಕೈ ನಂಬಿದೀನಿ ಅಂದ್ಲು ಸಾರ್. ಅವಳ ಮಾತೇ ನಡೀಲಿ."

"ನನ್ನನ್ನ ಬುದ್ಧಿವಂತೆ ಅಂದ್ರು ಸಾರ್, ಮದುವೆಯಾದ ಮೇಲೆ ಮೊದಲನೇ ಸಲ. ಅವರ ಮಾತೇ ನಡೀಲಿ."

"ನಾನ್ಯಾವಾಗ ಅಂದೆ?"

"ನಾನ್ಯಾವಾಗ ನಂಬಿದೆ?"

ಆಮೇಲೆ ನಾಲ್ಕು ಕಣ್ಣೂ ಗುಮಾಸ್ತನ ಕಡೆ ತಿರುಗಿದವು.

"ಮೊದಲು ಈ ಸುಳ್ಳನನ್ನ ಕೆಲಸದಿಂದ ತೆಗೀರಿ ಸಾರ್!" ಗಂಡ ಹೆಂಡತಿ ಒಂದೇ ಉಸಿರಿಗೆ ಕೂಗಿದರು. ಕೂಗಿದ್ದು ಎಷ್ಟು ಸರಿಯಾಗಿ ಕೂಡಿಬಂತೆಂದರೆ, ಒಬ್ಬರನ್ನೊಬ್ಬರು ನೋಡಿ ನಕ್ಕುಬಿಟ್ಟರು. ಹಾಗೇ ಮಾತಾಡಿಕೊಳ್ಳುತ್ತಾ ಜೊತೆಯಾಗಿ ಮನೆಗೆ ಹೊರಟರು.

ಮಾಲೀಕರು ಮಾತಿಗೆ ತಪ್ಪುವವರಲ್ಲ. ಎದ್ದು ಬಂದು ಗುಮಾಸ್ತನ ಕೈ ಕುಲುಕಿದರು.

"ಅಂತೂ ಇಬ್ಬರನ್ನೂ ಒಂದೇ ಮಾತಿಗೆ ತಂದೆಯಪ್ಪಾ. ನಾನಂದ ಹಾಗೆ, ನಿನ್ನ ಕೆಲಸ ಖಾಯಂ," ಎಂದರು. "ಅವರಂದ ಹಾಗೆ, ನಾಳೆಯಿಂದ ಬರಬೇಡ."