ಕಾರಿನೊಳಗೆ ಸಾಕಿದ ಸೊಳ್ಳೆ

ನನ್ನ ಭಾಮೈದ ಶ್ರೀರಂಗಯ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇದನ್ನು ಅವನು ಓದಿದರೆ ಓದಲಿ, ಅದಕ್ಕೇ ಬರೆಯುತ್ತಿದ್ದೇನೆ! ಜಮೀನಿನ ಬದು ಒತ್ತಿದ್ದರೆ ಹೋಗಲಿ ಎನ್ನುತ್ತಿದ್ದೆ. ಊಟಕ್ಕೆ ಕರೆಯದಿದ್ದರೆ ಮರೆತುಬಿಡುತ್ತಿದ್ದೆ. ಅವನು ನನ್ನ ಕಾರಿನ ಮೇಲೆ ಮಾತಾಡಿದ! ಅದೂ ಅವನ ಮಗಳು ಗೌರಿಯ ವೀಳ್ಯಶಾಸ್ತ್ರದ ದಿನ, ಹಾಲ್ಕುರಿಕೆಯ ಬೀಗರು ಎಲೆ ಮುಂದೆ ಕೂತಿರುವಾಗ!

ಆ ವರ್ಷ ಕೊಬ್ಬರಿಗೆ ಒಳ್ಳೆಯ ರೇಟು ಬಂದು, ತಿಪಟೂರಿನ ಮಂಡಿ ಸಾಹುಕಾರರೊಬ್ಬರ ಹಳೆಯ ಕರಿ ಕಾರನ್ನು ನಾನು ಕೊಂಡಿದ್ದೆ. ಕಾರೆಂದ ಮೇಲೆ ಹಾಡು ಬೇಡವೇ? ಒಂದು ಟೇಪ್ ರೆಕಾರ್ಡರನ್ನೂ ತಂದೆ. ರೇಡಿಯೊ ಅಂಗಡಿಯವನು, “ಕಾರು ಎರಡು ದಿನ ಬಿಟ್ಟೋಗಿ ಯಜಮಾನ್ರೇ, ಕೂರಿಸಿ ಕೊಡ್ತೀನಿ” ಅಂದ. ನನ್ನ ಕಾರನ್ನು ಎರಡು ದಿನ ಇವನ ಬಾಗಿಲಲ್ಲಿ ನಿಲ್ಲಿಸುವುದೆ? ರೇಗಿ, ಮನೆಗೆ ತಂದು ನಾನೇ ಕೂರಿಸಿದೆ. ಸೀದಾ ಬ್ಯಾಟರಿಯಿಂದ ವೈರು ಎಳೆದು, ಅಲ್ಲಿ ಹಾದುಹೋಗುತ್ತಿದ್ದ ಡೈನಮೋ ವೈರಿನ ಜೊತೆ ಸೇರಿಸಿ, ಮದುವಣಗಿತ್ತಿಯ ಜಡೆಯ ಹಾಗೆ ಅಂದವಾಗಿ ಹೆಣೆದೆ.

ಹಾಡು ಬಂತು. ಎಂಜಿನ್ ಶುರು ಮಾಡಿದೆ. ಹಾಡಿನ ಹಿಂದೆ ಇನ್ನೊಂದು ಹಾಡು ಬಂತು! ‘ಕುಂಯ್ಯ್...’ ಆಕ್ಸಿಲೇಟರ್ ಒತ್ತಿದರೆ ಅದು ಅಟ್ಟ ಹತ್ತುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಹಾಡುವಾಕೆ ಅನುಪಲ್ಲವಿಗೆ ಬರುವಷ್ಟರಲ್ಲಿ ಇದು ಗೇರು ಬದಲಾಯಿಸಿ ಅವಳನ್ನು ಹಿಂದೆ ಹಾಕಿ ಹೋಗಿಬಿಡುತ್ತಿತ್ತು.

ವೀಳ್ಯಶಾಸ್ತ್ರದ ದಿನ ಬೀಗರನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದವನು ನಾನೇ. ಊಟಕ್ಕೆ ಕೂತಾಗ ಗಂಡಿನ ತಂದೆ ಹನುಮಂತಯ್ಯನವರು ಮರ್ಯಾದೆಗೆ, “ಕಾರಲ್ಲಿ ಹಾಡು ಚೆಂದಾಗೈತೆ” ಅಂದರು. ಶ್ರೀರಂಗಯ್ಯ ಪಾಯಸ ಬಡಿಸುತ್ತ ಹೇಳಿದ:

“ಹಾಡೇನು ಬಂತು ಬುಡಿ, ನಮ್ಮ ಭಾವ ಕಾರೊಳಗೆ ಸೊಳ್ಳೆ ಸಾಕವ್ರೆ!”

ಇಡೀ ಪಂಕ್ತಿ ನಕ್ಕಿತು. ನನ್ನ ಹೆಂಡತಿ ಸಿದ್ದಮ್ಮ, ಅವನ ಸ್ವಂತ ಅಕ್ಕ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನು ಎಲೆ ಬಿಟ್ಟು ಎದ್ದೆ. ಎದ್ದ ಮೇಲೆ ಪಾಯಸ ನೆನಪಾಯಿತು, ಆದರೆ ಮತ್ತೆ ಕೂರಲು ಮರ್ಯಾದೆ ಬಿಡಲಿಲ್ಲ.

ಆಗ ಗೌರಿ ಒಳಗಿನಿಂದ ಓಡಿ ಬಂದಳು. “ಮಾವ, ನೀವು ಕೋಪ ಮಾಡ್ಕೊಂಡ್ರೆ ಹೆಂಗೆ? ಮದುವೆ ಮುಗಿಸ್ಕೊಂಡು ಗಂಡನ ಮನೆಗೆ ನಾನು ನಿಮ್ಮ ಕಾರಲ್ಲೇ ಹೋಗೋದು. ಹಾಡು ಹಾಕ್ಕೊಂಡು ಹೋಗ್ಬೇಕು. ಅಪ್ಪ ಬಸ್ಸು ಅಂತಾವ್ರೆ, ನಾನು ಒಲ್ಲೆ ಅಂದಿವ್ನಿ.”

ನಾನು ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಶಪಥ ಮಾಡಿದೆ. “ಕಳಿಸ್ತೀನಿ ಕಣವ್ವ! ಮಹಾರಾಣಿ ಹಂಗೆ ಕಳಿಸ್ತೀನಿ! ಅವತ್ತು ಆ ಕಾರಲ್ಲಿ ಸೊಳ್ಳೆ ಕೇಳಿಸಿದ್ರೆ ನನ್ನ ಹೆಸರು ಲಕ್ಕಯ್ಯ ಅಲ್ಲ!”

ನಾನು ಓದಿದ್ದು ನಾಲ್ಕನೆಯ ಕ್ಲಾಸಾದರೂ ನನ್ನ ಕಿವಿ ಬಿ.ಎ. ಪಾಸಾಗಿದೆ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ನೀರು ಪೂರಾ ಇಂಗಿದೆಯೋ ಇಲ್ಲವೋ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಅಂಟಿಕೊಂಡಿದೆಯೋ ಹೇಳಿಬಿಡುತ್ತೇನೆ. ಅರಳಗುಪ್ಪೆಯಿಂದ ಶೆಟ್ಟಿಕೆರೆಯವರೆಗೆ ಜನ ನನ್ನನ್ನು ಕರೆದುಕೊಂಡು ಹೋಗಿ ಕಾಯಿ ಅಲ್ಲಾಡಿಸುತ್ತಾರೆ. ಇಂಥ ಕಿವಿಗೆ ಒಂದು ಸೊಳ್ಳೆ ಯಾವ ಲೆಕ್ಕ?

ಮರುದಿನ ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ ಕಿವಿ ಒಡ್ಡಿದೆ. ನನ್ನ ಕಿವಿಯ ತೀರ್ಪು ಹೀಗಿತ್ತು: ಎಂಜಿನ್ ಸದ್ದು ಮಾಡುತ್ತದೆ, ಆ ಸದ್ದು ಸಂದಿಗೊಂದಿಗಳಲ್ಲಿ ನುಗ್ಗಿ ಸ್ಪೀಕರಿನೊಳಗೆ ಹೋಗಿ ಕೂರುತ್ತದೆ. ಸಂದಿ ಮುಚ್ಚಿದರೆ ಮುಗಿಯಿತು! ನಮ್ಮಲ್ಲಿ ಸಂದಿ ಮುಚ್ಚಲು ಏನು ಕೊರತೆ? ತೋಟದ ಮನೆಯಿಂದ ಒಂದು ಕುಕ್ಕೆ ತೆಂಗಿನ ನಾರು ತಂದು ಟೇಪಿನ ಹಿಂದೆ, ಸ್ಪೀಕರಿನ ಸುತ್ತ, ಕಾಲಿಡುವ ಕಡೆಯ ಬಿರುಕುಗಳಲ್ಲಿ ಎಲ್ಲ ತುರುಕಿದೆ.

ಸಿದ್ದಮ್ಮ ಬಾಗಿಲಲ್ಲಿ ನಿಂತು ನೋಡಿದಳು. “ಏನ್ರೀ ಅದು, ಕಾರಿಗೆ ಹಾಸಿಗೆ ಹೊಲಿತಾ ಇದೀರಾ?”

“ನೀನು ಒಳಗೋಗು. ಇದು ಸೈನ್ಸು!”

ಸೈನ್ಸು ಮುಗಿಸಿ ಎಂಜಿನ್ ಶುರು ಮಾಡಿದೆ. ಹಾಡುವಾಕೆ ಕಂಬಳಿ ಹೊದ್ದು ಮಲಗಿ ಹಾಡಿದ ಹಾಗೆ ಕೇಳಿಸಿತು. ಸೊಳ್ಳೆ ಮಾತ್ರ ಕಂಬಳಿಯ ಹೊರಗೆ ಕೂತು ಸ್ಪಷ್ಟವಾಗಿ ಹಾಡುತ್ತಿತ್ತು! ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾರಿಗೆ ಎಲ್ಲೋ ಬಿಸಿ ತಗುಲಿ ಹೊಗೆಯಾಡಿತು. ಪಂಪ್‌ಸೆಟ್ಟಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎರಡು ಬಿಂದಿಗೆ ನೀರು ಸುರಿದರು. ಒಂದನ್ನು ಕಾರಿಗೆ, ಒಂದನ್ನು ನನಗೆ.

ಒದ್ದೆಯಾಗಿಯೇ ತಿಪಟೂರಿಗೆ ಹೋಗಿ ರೇಡಿಯೊ ಅಂಗಡಿಯವನ ಮೇಲೆ ಕೂಗಾಡಿದೆ. ಅವನು ಬಾನೆಟ್ ಎತ್ತಿ ನನ್ನ ಜಡೆ ನೋಡಿ ಕೇಳಿದ:

“ಈ ವೈರು ಯಾರು ಹೆಣೆದದ್ದು?”

“ಯಾರಾದ್ರೆ ನಿಂಗೇನಯ್ಯ?”

“ಡೈನಮೋ ಕೂಗೋದು ಈ ವೈರಲ್ಲೇ ಹತ್ಕೊಂಡು ಬತ್ತಾ ಐತೆ. ಎಲ್ಲಾ ಬಿಚ್ಚಿ ಬೇರೆ ಕಡೆಯಿಂದ ಎಳೀಬೇಕು. ಹೆಣೆದೋರಿಗೆ ಬುದ್ಧಿ...”

ಅವನು ಮಾತು ಮುಗಿಸುವ ಮುಂಚೆ ನಾನು ಬಾನೆಟ್ ಮುಚ್ಚಿದೆ. ಅವನ ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಹೀಗೆ ಮದುವೆ ಬಂದೇಬಿಟ್ಟಿತು, ಸೊಳ್ಳೆ ಹೋಗಲಿಲ್ಲ. ಚಪ್ಪರದ ದಿನ ಸಂಜೆ ಶ್ರೀರಂಗಯ್ಯನ ಊರು ಅರಳಗುಪ್ಪೆಗೆ ಹೊರಟೆವು. ಹಿಂದಿನ ಡಿಕ್ಕಿಯಲ್ಲಿ ಮದುವೆಗೆ ತೆಂಗಿನಕಾಯಿ ತುಂಬಿದ್ದೆ. ಜಾಗ ಸಾಲದೆ, ಮುಂದಿನಿಂದ ಎಂಜಿನ್ ತಿರುಗಿಸಿ ಶುರು ಮಾಡುವ ಕಬ್ಬಿಣದ ಹ್ಯಾಂಡಲ್ಲನ್ನು ತೆಗೆದು ಮನೆಯ ಮೂಲೆಗೆ ಎಸೆದಿದ್ದೆ. ದಾರಿಯುದ್ದಕ್ಕೂ ನಾನು ಹಲ್ಲು ಕಚ್ಚಿಕೊಂಡಿದ್ದೆ. ಊರು ಹತ್ತಿರ ಬಂತು, ಇನ್ನೊಂದು ಇಳಿಜಾರು ಇಳಿದರೆ ಚಪ್ಪರ. ಅಷ್ಟರಲ್ಲಿ ಸಿದ್ದಮ್ಮ ಅಂದಳು:

“ಎಂಜಿನ್ ನಿಂತಿರೋವಾಗ ಹಾಡು ಎಷ್ಟು ಚೆಂದಾಗಿ ಬತ್ತದೆ ಅಲ್ವರಾ? ಇದೇನು ದರಿದ್ರವೋ.”

ನನ್ನ ತಲೆಯಲ್ಲಿ ಪೆಟ್ರೋಮ್ಯಾಕ್ಸ್ ಹತ್ತಿತು! ಇಳಿಜಾರಿನ ತುದಿಯಲ್ಲಿ ಗೇರು ತೆಗೆದು ಎಂಜಿನ್ ಆಫ್ ಮಾಡಿದೆ. ವೈರು ಸೀದಾ ಬ್ಯಾಟರಿಗೆ ಇತ್ತಲ್ಲ, ಹಾಡು ನಿಲ್ಲಲಿಲ್ಲ. ಸೊಳ್ಳೆ ಸತ್ತುಹೋಯಿತು! ಕಾರು ನೀರಿನ ಮೇಲೆ ತೇಲುವ ಹಂಸದ ಹಾಗೆ ಸದ್ದಿಲ್ಲದೆ ಜಾರಿತು, ಹಾಡು ಜೇನಿನ ಹಾಗೆ ಸುರಿಯಿತು. ಚಪ್ಪರದ ಮುಂದೆ ಬ್ರೇಕ್ ಹಾಕಿ ನಿಲ್ಲಿಸಿದಾಗ ಊರೇ ಬಾಯಿ ಬಿಟ್ಟು ನೋಡುತ್ತಿತ್ತು.

ಶ್ರೀರಂಗಯ್ಯ ಕಿಟಕಿಯೊಳಗೆ ತಲೆ ತೂರಿಸಿದ. “ಭಾವ, ಸೊಳ್ಳೆ ಎಲ್ಲಿ?”

“ಸತ್ತೋಯ್ತು!”

“ಎಂಜಿನ್ ಸದ್ದೂ ಇಲ್ವಲ್ಲ ಭಾವ?”

“ಒಳ್ಳೆ ಕಾರು ಹಂಗೇ ಕಣಯ್ಯ. ನೀನು ನೋಡಿಲ್ಲ, ಪಾಪ.”

ಅವನ ಮುಖ ಸಪ್ಪಗಾದದ್ದನ್ನು ನೋಡಿ ನನಗೆ ಅವತ್ತು ಬಿಟ್ಟ ಪಾಯಸವನ್ನು ಬಡ್ಡಿ ಸಮೇತ ಉಂಡಷ್ಟು ತೃಪ್ತಿಯಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಲಕ್ಕಯ್ಯನೇ ಅಲ್ಲ! ಅವನಿಗೆ ಕೇಳಿಸಲಿ, ಬೀಗರಿಗೆ ಕೇಳಿಸಲಿ, ಅವತ್ತು ನಕ್ಕ ಇಡೀ ಪಂಕ್ತಿಗೆ ಕೇಳಿಸಲಿ ಎಂದು ಕಾರಿನ ನಾಲ್ಕೂ ಬಾಗಿಲು ತೆರೆದು, ಹಾಡನ್ನು ಗಟ್ಟಿ ಮಾಡಿಟ್ಟೆ. ವಾಲಗದವರು ಉಸಿರು ತೆಗೆದುಕೊಂಡಾಗಲೆಲ್ಲ ನನ್ನ ಕ್ಯಾಸೆಟ್. ಒಂದು ಬದಿ ಮುಗಿದರೆ ಇನ್ನೊಂದು ಬದಿ. ಮಾರನೆಯ ದಿನ ಧಾರೆಯ ಹೊತ್ತಿಗೂ ನಿಲ್ಲಿಸಲಿಲ್ಲ.

“ಸಾಕು ಆರ್ಸ್ರೀ, ಬ್ಯಾಟ್ರಿ ಏನಾದ್ರೂ ಆದೀತು” ಅಂದಳು ಸಿದ್ದಮ್ಮ.

“ಬ್ಯಾಟ್ರಿ ಮುಗಿಯೋಕೆ ಇದೇನು ಟಾರ್ಚೇನೇ? ಕಾರು ಕಣೇ ಇದು, ಕಾರು!”

ಮದುವೆಯ ಊಟದ ಹೊತ್ತಿಗೆ ಹಾಡು ಸ್ವಲ್ಪ ನಿಧಾನವಾಯಿತು. ಭಾವ ಹೆಚ್ಚಾಯಿತು ಎಂದುಕೊಂಡೆ. ಆಮೇಲೆ ಹಾಡುವಾಕೆಯ ಗಂಟಲು ದಪ್ಪವಾಗುತ್ತ ಬಂದು ಗಂಡಸಿನ ಗಂಟಲಾಯಿತು. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹುಚ್ಚಕ್ಕಜ್ಜಿ ಮರುಗಿದಳು: “ನಿನ್ನೆಯಿಂದ ಹಾಡ್ತಾ ಅವ್ಳೆ ಪಾಪ, ಗಂಟಲು ಕಟ್ಟೈತೆ. ಯಾರಾದ್ರೂ ಒಂದು ಲೋಟ ಬಿಸಿನೀರು ಕೊಡ್ರಪ್ಪ.”

ಹೆಣ್ಣು ಕಳಿಸುವ ಹೊತ್ತು ಬಂತು. ರಾಹುಕಾಲಕ್ಕೆ ಮುಂಚೆ ಹೊರಡಬೇಕು ಎಂದು ಹನುಮಂತಯ್ಯನವರು ಆಗಲೇ ಮುಂದಿನ ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಹಿಂದೆ ಗೌರಿ, ಅವಳ ಪಕ್ಕ ಮದುಮಗ ಅಂಜನಪ್ಪ. ಅವನ ಆಚೆ ಸಿದ್ದಮ್ಮನಿಗೆ ಜಾಗ ಬಿಟ್ಟಿತ್ತು. ಹೆಂಗಸರು ಅಳಲು ಶುರು ಮಾಡಿದರು, ಗೌರಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಶ್ರೀರಂಗಯ್ಯ ಬೆಳಗಿನಿಂದ ತಡೆದುಕೊಂಡಿದ್ದನೆಂದು ಕಾಣುತ್ತದೆ, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ತುಟಿ ನಡುಗಿಸುತ್ತ ಮಗಳ ಕಿಟಕಿಯ ಹತ್ತಿರ ಬಂದ. ನಾನು ಗಂಭೀರವಾಗಿ ಕೀ ತಿರುಗಿಸಿದೆ.

‘ಟಿಕ್.’

ಮತ್ತೆ ತಿರುಗಿಸಿದೆ. ‘ಟಿಕ್.’ ಮೂರನೆಯ ಸಲ ಅದೂ ಇಲ್ಲ.

“ಹ್ಯಾಂಡಲ್ ಹಾಕಿ” ಎಂದರು ಹನುಮಂತಯ್ಯ.

ಹ್ಯಾಂಡಲ್ ನಮ್ಮ ಮನೆಯ ಮೂಲೆಯಲ್ಲಿ ಸುಖವಾಗಿ ಮಲಗಿತ್ತು.

“ರಾಹುಕಾಲ ಬಂದ್ಬುಡ್ತು ಕಣ್ರೀ!” ಎಂದರು ಅವರು ಮತ್ತೆ. ನನಗೆ ಬೆವರು ಕಿತ್ತುಕೊಂಡಿತು. ಬೆವರು ಬಂದರೆ ನನಗೆ ಸಿಟ್ಟೂ ಬರುತ್ತದೆ. ಕಿಟಕಿಯಲ್ಲಿ ಮಗಳ ಕೈ ಹಿಡಿದು, ‘ಅವ್ವಾ...’ ಎಂದು ಆಗ ತಾನೆ ಬಾಯಿ ತೆರೆದಿದ್ದ ಶ್ರೀರಂಗಯ್ಯನಿಗೆ ಗದರಿಬಿಟ್ಟೆ:

“ಲೇ ರಂಗ! ಅಳೋದು ಆಮೇಲೆ ಅಳುವಂತೆ, ಮೊದ್ಲು ತಳ್ಳು!”

ಪಾಪ, ಅವನು ಬಾಯಿ ಮುಚ್ಚಿಕೊಂಡ. ರೇಷ್ಮೆ ಪಂಚೆ ಎತ್ತಿ ಕಟ್ಟಿ ಹಿಂದಕ್ಕೆ ಹೋದ. ಅವನ ಜೊತೆ ಅಡುಗೆಯವರು, ವಾಲಗದವರು, ಪುರೋಹಿತರೂ ಸೇರಿ ಹೆಗಲು ಕೊಟ್ಟರು. ಮುಂದಿನ ದಾರಿ ಏರು! ನಿನ್ನೆ ನನ್ನನ್ನು ಹಂಸ ಮಾಡಿದ ಇಳಿಜಾರೇ ಇವತ್ತು ಬೆಟ್ಟವಾಗಿ ನಿಂತಿತ್ತು. ಕಾರು ತಿರುಗಿಸಿ ಕೆಳಗಿನ ಬೀದಿಗೆ ತಳ್ಳಿದರು. “ಐಸಾ!” ಎಂದು ಊರೆಲ್ಲ ಕೂಗಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರಿಗಿಂತ ಮುಂದೆ ಶ್ರೀರಂಗಯ್ಯನ ಕೆಂಪು ಮುಖ, ಕೆನ್ನೆ ಉಬ್ಬಿಸಿಕೊಂಡು.

ಗೌರಿಯೂ ಹಿಂದಿರುಗಿ ನೋಡಿದಳು. ಅವಳ ಅಳು ಅರ್ಧಕ್ಕೇ ನಿಂತಿತು. ಒಂದು ಸಲ ಬಿಕ್ಕಿದಳು, ಎರಡನೆಯ ಬಿಕ್ಕು ನಗುವಾಗಿ ಬಂತು.

ಡರ್‌ರ್‌ರ್! ಎಂಜಿನ್ ಹತ್ತಿತು! ನಿಲ್ಲಿಸಿದರೆ ಮತ್ತೆ ಹತ್ತುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ನಾನು ಆಕ್ಸಿಲೇಟರಿನಿಂದ ಕಾಲು ತೆಗೆಯಲೇ ಇಲ್ಲ. ಹಿಂದೆ ಸಿದ್ದಮ್ಮ ಕೈಯಲ್ಲಿ ಟ್ರಂಕು ಹಿಡಿದು, “ನಿಲ್ಸ್ರೀ! ನಾನು ಹತ್ತಿಲ್ಲ ಕಣ್ರೀ! ಅಯ್ಯೋ ನಿಮ್ಮ ಕಾರಿಗಿಷ್ಟು ಬೆಂಕಿ ಹಾಕ!” ಎಂದು ಓಡಿ ಬರುತ್ತಿದ್ದಳು. ಅವಳ ಹಿಂದೆ ಶ್ರೀರಂಗಯ್ಯ, ಮಗಳಿಗೆ ಹೇಳಬೇಕಾದ್ದನ್ನೆಲ್ಲ ಟವೆಲ್ಲಿನಲ್ಲೇ ಬೀಸುತ್ತ.

ಡೈನಮೋ ಓಡಿದ ಮೇಲೆ ಟೇಪಿಗೆ ಜೀವ ಬಂತು. ಹಾಡುವಾಕೆ ಮತ್ತೆ ಹೆಂಗಸಾದಳು. ಅವಳ ಜೊತೆಯಲ್ಲೇ ‘ಕುಂಯ್ಯ್ಯ್ಯ್...!’

“ಮಾವ, ಸೊಳ್ಳೆಗೆ ಮತ್ತೆ ಜೀವ ಬಂತು!” ಎಂದು ಗೌರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುಮಗ ನಕ್ಕ. ಹನುಮಂತಯ್ಯನವರು ಹಲ್ಲುಸೆಟ್ಟು ಹಿಡಿದುಕೊಂಡು ನಕ್ಕರು. ಹಾಲ್ಕುರಿಕೆಯ ಹೆಂಗಸರು ಆರತಿ ತಟ್ಟೆ ಹಿಡಿದು ಬಂದು ನೋಡಿದರೆ, ತವರು ಬಿಟ್ಟು ಬಂದ ಮದುವಣಗಿತ್ತಿ ನಗುತ್ತ ಇಳಿಯುತ್ತಿದ್ದಾಳೆ! ‘ಅದೃಷ್ಟವಂತ ಸೊಸೆ’ ಎಂದರು. ಹಾಗೇ ಆಯಿತು, ಆ ಹುಡುಗಿ ಇವತ್ತಿಗೂ ಸುಖವಾಗಿದ್ದಾಳೆ.

ಸಂಜೆ ಹೆಂಡತಿಯನ್ನು ಕರೆತರಲು ಅರಳಗುಪ್ಪೆಗೆ ವಾಪಸು ಹೋದೆ. ಎಂಜಿನ್ ಆರಿಸದೆ ಬೀದಿಯಲ್ಲೇ ಬಿಟ್ಟು ಇಳಿದೆ. ಜಗಲಿಯ ಮೇಲೆ ಶ್ರೀರಂಗಯ್ಯ ಬೋರಲು ಮಲಗಿದ್ದ, ಸಿದ್ದಮ್ಮ ಬಿಸಿ ಮಾಡಿದ ಕೊಬ್ಬರಿ ಎಣ್ಣೆಯನ್ನು ಅವನ ಬೆನ್ನಿಗೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿದ ಮೇಲೆ ಇನ್ನೂ ಜೋರಾಗಿ ತಿಕ್ಕಿದಳು.

“ರಂಗ, ಸುಖವಾಗಿ ತಲುಪಿಸ್ದೆ ಕಣಯ್ಯ” ಎಂದೆ ಮೆತ್ತಗೆ.

ಅವನು ತಲೆ ಎತ್ತದೆಯೇ ಹೇಳಿದ: “ಊರೋರೆಲ್ಲಾ ಮಗಳನ್ನ ಅತ್ತು ಕಳಿಸ್ತಾರೆ ಭಾವ. ನಾನು ತಳ್ಳಿ ಕಳಿಸ್ದೆ.”

“ಈಗ ಅಳು” ಎಂದೆ.

“ಈಗ ಬತ್ತಾ ಇಲ್ಲ. ನನ್ನ ಅಳು ನಿಮ್ಮತ್ರ ಬಾಕಿ ಐತೆ. ಯಾವತ್ತು ಕೊಡ್ತೀರಾ?”

ಅವನ ರೇಷ್ಮೆ ಪಂಚೆ ಹರಿದಿತ್ತು, ಹೊಸದು ತಂದುಕೊಟ್ಟೆ. ಉಟ್ಟುಕೊಂಡ, ಆದರೆ ಬಾಕಿ ಬಿಡಲಿಲ್ಲ. ಆ ಮೇಲೆ ಗೌರಿ ತವರಿಗೆ ಬಂದು ಹೋಗುವಾಗಲೆಲ್ಲ ಅವನು ಒಂದು ಸಲವಾದರೂ ಸರಿಯಾಗಿ ಅಳಬೇಕೆಂದು ಬಾಗಿಲಲ್ಲಿ ಸಿದ್ಧವಾಗಿ ನಿಲ್ಲುತ್ತಾನೆ. ಅವನು ಟವೆಲ್ ಕೈಗೆ ತೆಗೆದುಕೊಂಡ ತಕ್ಷಣ ಅವಳಿಗೆ ಆ ಉಬ್ಬಿದ ಕೆನ್ನೆ ನೆನಪಾಗಿ ನಗು ಬರುತ್ತದೆ. ಅವಳು ನಕ್ಕರೆ ಅವನೂ ನಗುತ್ತಾನೆ. ನಕ್ಕ ಮೇಲೆ ಕಣ್ಣು ಕೆಂಪು ಮಾಡಿ ನನ್ನ ಕಡೆ ತಿರುಗುತ್ತಾನೆ.

ಹೋದ ಗೌರಿ ಹಬ್ಬಕ್ಕೆ ಅವಳು ಬಂದಿದ್ದಾಗ ನಾನೇ ಮುಂದೆ ನಿಂತು ಏರ್ಪಾಡು ಮಾಡಿದೆ. ಕಾರು ಬೇಡ, ಬಸ್ಸಿನಲ್ಲಿ ಕಳಿಸೋಣ, ನೀನು ನಿಧಾನವಾಗಿ ಅಳು ಎಂದೆ. ಗೌರಿಗೂ ನಗಬಾರದೆಂದು ಆಣೆ ಹಾಕಿಸಿದೆ. ಅವಳು ಕಿಟಕಿಯ ಪಕ್ಕ ಕೂತು ತುಟಿ ಕಚ್ಚಿಕೊಂಡಳು. ಶ್ರೀರಂಗಯ್ಯ ಕಂಬಿಯ ಮೇಲೆ ಕೈಯಿಟ್ಟು, “ಅವ್ವಾ ಗೌರಿ...” ಎಂದ. ಅವನ ಕಣ್ಣು ತುಂಬಿತು. ದೇವರೇ, ಇವತ್ತು ಬಿಡುಗಡೆ ಎಂದು ನಾನು ಕೈ ಮುಗಿದೆ. ಡ್ರೈವರ್ ಕೀ ತಿರುಗಿಸಿದ. ಬಸ್ಸು ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. ಕಂಡಕ್ಟರ್ ಬಾಗಿಲಿನಿಂದ ಇಣುಕಿ ಕೂಗಿದ:

“ಯಜಮಾನ್ರೇ, ಆಮೇಲೆ ಮಾತಾಡುವಂತ್ರಿ, ಸ್ವಲ್ಪ ತಳ್ಳಿ!”

ಶ್ರೀರಂಗಯ್ಯ ಬಸ್ಸಿನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ. ಒಳಗಿನಿಂದ ಗೌರಿಯ ನಗು ಊರಿಗೆಲ್ಲ ಕೇಳಿಸಿತು. ನಾನು ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಅವನ ಜೊತೆ ಬಸ್ಸಿನ ಹಿಂದೆ ಹೋಗಿ ಪಕ್ಕದಲ್ಲಿ ಹೆಗಲು ಕೊಟ್ಟೆ. ಇಬ್ಬರೂ ಸೇರಿ ತಳ್ಳಿದೆವು. ಬಸ್ಸು ಹೊರಟುಹೋಯಿತು.

“ಬಾಕಿ ಹಂಗೇ ಐತೆ ಭಾವ” ಎಂದ, ಏದುಸಿರು ಬಿಡುತ್ತ.